ಅಪ್‌ಡೇಟ್: 1863ರ ತಾಮ್ರದ ಬಿಲ್ಲೆ ನಕಲಿ ನಾಣ್ಯವಲ್ಲ

ಅಮೆರಿಕದ ಅಂಗಡಿಯೊಂದರ ಹೆಸರಿರುವ ನನ್ನ 1863ರ ಬಿಲ್ಲೆಯಲ್ಲಿ ‘ಒಂದು ಸೆಂಟ್’ ಎಂಬುದರ ಮೇಲೆ ಸಣ್ಣಕ್ಷರದಲ್ಲಿ ‘ಅಲ್ಲ’ ಎಂದೇಕೆ ಬರೆದಿದೆ, ಅದು ನಕಲಿಯೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರ ಸಲಹೆಯಂತೆ ಪರೀಕ್ಷೆಗೆ ಕೊಟ್ಟಿದ್ದೆ. ಅದು ಅಮೆರಿಕದ ಅಂತರ್ಯುದ್ಧಕಾಲದ ಅಸಲಿ ಟೋಕನ್, ಅಂದರೆ ಚಿಲ್ಲರೆ ನಾಣ್ಯದ ಬದಲು ವರ್ತಕರು ಹೊರಡಿಸಿದ ಖಾಸಗಿ ಬಿಲ್ಲೆ ಎಂದು ಖಚಿತವಾಗಿದೆ.

1862ರಲ್ಲಿ ಯುದ್ಧದ ಭೀತಿಯಿಂದ ಜನರು ಚಿನ್ನ, ಬೆಳ್ಳಿ, ಕೊನೆಗೆ ಸೆಂಟ್‌ಗಳನ್ನೂ ಬಚ್ಚಿಟ್ಟುಕೊಂಡಾಗ, ಚಿಲ್ಲರೆಯಿಲ್ಲದೆ ಕಂಗೆಟ್ಟ ವರ್ತಕರು ಇಂಥ ಬಿಲ್ಲೆಗಳನ್ನು ಅಚ್ಚು ಹಾಕಿಸಿದರು. ಸರ್ಕಾರಿ ನಾಣ್ಯವನ್ನು ನಕಲು ಮಾಡಿದ ಆರೋಪ ತಮ್ಮ ಮೇಲೆ ಬಾರದಿರಲೆಂದೇ ಆ ಪುಟ್ಟ ಪದ. ನ್ಯೂಯಾರ್ಕಿನ ಲಿಂಡೆನ್‌ಮುಲ್ಲರ್ ಎಂಬ ವರ್ತಕನೊಬ್ಬನೇ ಹತ್ತು ಲಕ್ಷಕ್ಕೂ ಹೆಚ್ಚು ಬಿಲ್ಲೆ ಹೊರಡಿಸಿದ್ದನೆನ್ನುತ್ತಾರೆ. 1864ರ ಕಾನೂನುಗಳು ಖಾಸಗಿ ನಾಣ್ಯಗಳನ್ನು ನಿಷೇಧಿಸಿದವು.

ಉಜ್ಜಿ ಹೊಳಪು ಕೊಡಬೇಡಿ ಎಂದು ಎಚ್ಚರಿಸಿದವರಿಗೆ ನಾನು ವಿಶೇಷವಾಗಿ ಋಣಿ. ಅದರ ಕಂದು ಬಣ್ಣ ಹಾಗೆಯೇ ಉಳಿದಿದೆ.