ಅಪ್‌ಡೇಟ್: ಅಮ್ಮನ ಜೊತೆ ಓದಲು ಬೈಬಲ್ ವ್ಯಾಖ್ಯಾನ ಕೇಳಿದ್ದೆ

ಮಳೆಗಾಲದ ಶುರುವಲ್ಲಿ ಕೇಳಿದ್ದೆ, ನೆನಪಿದೆಯಾ? ಕಾರವಾರದ ಮನೆಯಲ್ಲಿ ಅಮ್ಮನ ಜೊತೆ ಸಂಜೆ ಓದಲು, ದೇವಶಾಸ್ತ್ರ ಕಲಿಯದವರಿಗೂ ಅರ್ಥವಾಗುವ ಬೈಬಲ್ ವ್ಯಾಖ್ಯಾನ ಯಾವುದು ಅಂತ. ಜಾಸ್ತಿ ಜನ ಇಂಗ್ಲಿಷ್ ಬೋಧಕ ಮ್ಯಾಥ್ಯೂ ಹೆನ್ರಿ ಬರೆದ ವ್ಯಾಖ್ಯಾನ ಅಂದಿರಿ. ಮೊದಲು ಬೈಬಲ್ ವಚನ, ಆಮೇಲೆ ವ್ಯಾಖ್ಯಾನ ಅಂತಲೂ ಒಬ್ಬರು ಹೇಳಿದಿರಿ. ಆ ಮಾತು ತುಂಬಾ ಉಪಯೋಗಕ್ಕೆ ಬಂತು.

ಹೆನ್ರಿ ತೀರಿಕೊಂಡಿದ್ದು 1714ರಲ್ಲಿ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದವರೆಗೆ ವ್ಯಾಖ್ಯಾನ ಅವರೇ ಬರೆದಿದ್ದು, ಮುಂದಿನದನ್ನು ಬೇರೆ ಬೋಧಕರು ಮುಗಿಸಿದರು. ಹಾಗಾಗಿ ಅವರೇ ವ್ಯಾಖ್ಯಾನ ಬರೆದ ಮಾರ್ಕನ ಸುವಾರ್ತೆಯಿಂದ ಶುರು ಮಾಡಿದೆವು. ಇಂಗ್ಲಿಷ್ ಹಳೆಯದು, ವಾಕ್ಯಗಳು ಉದ್ದ. ನಾನು ಒಂದೊಂದು ಪ್ಯಾರಾ ಓದಿ ಕನ್ನಡದಲ್ಲಿ ಹೇಳುತ್ತೇನೆ.

ನಾಲ್ಕನೇ ಅಧ್ಯಾಯದಲ್ಲಿ ಮೂರು ಸಂಜೆ ನಿಂತೆವು. ಬಿರುಗಾಳಿ, ದೋಣಿಗೆ ನೀರು ನುಗ್ಗುತ್ತಿದೆ, ಯೇಸು ಹಿಂಭಾಗದಲ್ಲಿ ದಿಂಬಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾನೆ. ಗಲಿಲಾಯ ಸರೋವರ ಸಮುದ್ರ ಮಟ್ಟಕ್ಕಿಂತ 200 ಮೀಟರಿಗೂ ಕೆಳಗಿದೆ, ಸುತ್ತಲ ಗುಡ್ಡಗಳಿಂದ ಗಾಳಿ ಏಕಾಏಕಿ ಇಳಿಯುತ್ತದೆ ಅಂದೆ. ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಿನ್ನ ಅಜ್ಜನೂ ದೋಣಿಯ ಹಿಂದೆಯೇ ಮಲಗ್ತಿದ್ದರು. ಅಲ್ಲಿ ಕುಲುಕಾಟ ಕಡಿಮೆ ಅಲ್ವಾ," ಅಂದರು. ಬೈತಖೋಲದಿಂದ ಮೀನಿಗೆ ಹೋಗುತ್ತಿದ್ದ ಅಜ್ಜನ ಬಗ್ಗೆ ಅವರು ಇಷ್ಟು ಮಾತಾಡಿದ್ದು ವರ್ಷಗಳ ಮೇಲೆ.

ಮಾರ್ಕ ಮುಗಿದ ಮೇಲೆ ಕೀರ್ತನೆ 107 ಓದಬೇಕಂತೆ. ಸಮುದ್ರಕ್ಕೆ ಹೋದವರನ್ನು ದೇವರು ಬಂದರು ಮುಟ್ಟಿಸುವ ಮಾತು ಅದರಲ್ಲಿದೆ, ಪುಟಕ್ಕೆ ಅಮ್ಮ ಆಗಲೇ ಗುರುತು ಇಟ್ಟಿದ್ದಾರೆ.