ಡೀಸೆಲ್ ಟ್ಯಾಂಕಿಗೆ ಯೂರಿಯಾ ಬಿದ್ದಿದೆ, ಗಾಡಿ ಸ್ಟಾರ್ಟ್ ಮಾಡ್ಬೋದಾ?

ಪ್ರಶ್ನೆ (ಲಾರಿ ಓನರ್): ಎಲ್ರಿಗೂ ನಮಸ್ಕಾರ. ನಮ್ದು ಬಿಎಸ್-6 (ಹೊಸ ಹೊಗೆ ನಿಯಮದ) ಲಾರಿ, ಸಿರಾ ಹತ್ರ ಢಾಬಾದಲ್ಲಿ ನಿಂತಿದೆ. ಹೊಸ ಕ್ಲೀನರ್ ಹುಡುಗ ರಾತ್ರಿ ಕತ್ಲಲ್ಲಿ ಯೂರಿಯಾ ಬಕೆಟ್ ತಗೊಂಡೋಗಿ ಡಿಇಎಫ್ (ಹೊಗೆ ಕ್ಲೀನ್ ಮಾಡೋಕೆ ಹಾಕೋ ಯೂರಿಯಾ ನೀರು) ಟ್ಯಾಂಕ್ ಬಿಟ್ಟು ಡೀಸೆಲ್ ಟ್ಯಾಂಕಿಗೇ ಸುರಿದಿದಾನೆ, ನಾಲ್ಕೈದು ಲೀಟರ್ ಹೋಗಿರ್ಬೋದಂತೆ. ಇನ್ನೂ ಸ್ಟಾರ್ಟ್ ಮಾಡಿಲ್ಲ. ಮೇಲೆ ನೂರು ಲೀಟರ್ ಡೀಸೆಲ್ ಹಾಕ್ಸಿದ್ರೆ ಸರಿಹೋಗುತ್ತೆ ಓನರೇ ಅಂತ ಡ್ರೈವರ್ ಹೇಳ್ತಾನೆ. ಲೋಡ್ ಬೇರೆ ಇದೆ. ಗೊತ್ತಿರೋ ಅಣ್ಣಂದಿರು ಹೇಳಿ.

ಉತ್ತರ (ಪಂಪ್-ನಾಝಲ್ ಮೆಕ್ಯಾನಿಕ್): ಮೊದ್ಲು ಕೀ ಕಿತ್ಕೊಂಡು ನಿಮ್ ಹತ್ರ ಇಟ್ಕೊಳ್ಳಿ. ಡ್ರೈವರ್ ಮಾತು ಬೇಡ. ಡಿಇಎಫಲ್ಲಿ ಯೂರಿಯಾ ಇರೋದು 32.5 ಪರ್ಸೆಂಟ್, ಮಿಕ್ಕಿದ್ದೆಲ್ಲ ಶುದ್ಧ ನೀರು, ನೀರು ಡೀಸೆಲ್ ಜೊತೆ ಬೆರೆಯಲ್ವಲ್ಲ, ಡಿಇಎಫ್ ಲೀಟರಿಗೆ 1.09 ಕೆಜಿ ತೂಗುತ್ತೆ, ಡೀಸೆಲ್ 0.83 ಆಸುಪಾಸು, ಹಾಗಾಗಿ ಸೀದಾ ತಳಕ್ಕೆ ಹೋಗಿ ಕೂತಿರುತ್ತೆ, ಸಕ್ಷನ್ ಪೈಪ್ ಬಾಯಿ ಇರೋದೂ ಅಲ್ಲೇ. ಮೇಲೆ ಎಷ್ಟು ಡೀಸೆಲ್ ಸುರಿದ್ರೂ ಇಂಜಿನ್ ಮೊದ್ಲು ಎಳ್ಕೊಳ್ಳೋದು ಯೂರಿಯಾನೇ. ಫಿಲ್ಟರಲ್ಲಿ ನೀರು ತಡೆಯೋ ಸೆಪರೇಟರ್ ಇದೆ ನಿಜ, ಆದ್ರೆ ಅದು ಬಂಕ್ ಡೀಸೆಲಲ್ಲಿ ಬರೋ ಚೂರುಪಾರು ನೀರಿಗೆ, ಲೀಟರ್‌ಗಟ್ಲೆ ಬಂದ್ರೆ ಏನ್ ಮಾಡುತ್ತೆ ಪಾಪ. ಈಗಿನ ಇಂಜಿನ್‌ಗಳಲ್ಲಿ ಕಾಮನ್ ರೈಲ್ ಅಂತ ಒಂದೇ ಪೈಪಲ್ಲಿ ಡೀಸೆಲ್ ಪ್ರೆಷರ್ ಕಟ್ಟಿ ಎಲ್ಲಾ ಇಂಜೆಕ್ಟರಿಗೂ ಕೊಡ್ತಾರೆ, ಅದ್ರ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲೇ ಅದ್ರ ಆಯಿಲ್. 1600 ಬಾರ್, ಅದಕ್ಕೂ ಮೇಲೆ ಪ್ರೆಷರ್ ಕಟ್ಟೋ ಜಾಗದಲ್ಲಿ ನೀರು ಬಂದ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಪುಡಿ ಏಳುತ್ತೆ, ಆ ಪುಡಿ ಇಂಜೆಕ್ಟರಿಗೆ ಹೋಗುತ್ತೆ. ನೀರು ಆರಿದ್ಮೇಲೆ ಯೂರಿಯಾ ಬಿಳಿ ಹರಳಾಗಿ ಕಚ್ಕೊಳ್ಳೋದು ಬೇರೆ. ಈಗ ಟ್ಯಾಂಕ್ ಕ್ಲೀನಿಂಗ್ ಖರ್ಚಲ್ಲಿ ಮುಗಿಯುತ್ತೆ. ಸೆಲ್ಫ್ ಹೊಡೆದ್ರೆ ಪಂಪು, ರೈಲು, ಇಂಜೆಕ್ಟರು ಅಂತ ಬಿಲ್ಲು ಲಕ್ಷದ ಲೆಕ್ಕಕ್ಕೆ ಹೋಗುತ್ತೆ.

ಕಾಮೆಂಟ್: ನನ್ ಹಳೇ ಜೀಪಿಗೆ ಬಂಕ್ ಹುಡುಗ ಪೆಟ್ರೋಲ್ ಹಾಕಿದ್ದ, ಮೇಲೆ ಡೀಸೆಲ್ ತುಂಬ್ಸಿ ಓಡಿಸ್ದೆ, ಏನೂ ಆಗ್ಲಿಲ್ಲ. ಸುಮ್ನೆ ಹೆದರಿಸ್ತೀರಲ್ಲ ಗುರು?

ಉತ್ತರ: ಸರ್ ಅದು ಬೇರೆ ಕೇಸು. ಪೆಟ್ರೋಲ್ ಡೀಸೆಲ್ ಜೊತೆ ಪೂರ್ತಿ ಬೆರೆಯುತ್ತೆ, ಹಳೇ ಇಂಜಿನ್ ಸ್ವಲ್ಪ ತಡ್ಕೊಳ್ಳುತ್ತೆ. ಈಗಿನ ಕಾಮನ್ ರೈಲ್ ಗಾಡೀಲಿ ಹಂಗ್ ಮಾಡ್ಬೇಡಿ, ಜಿಡ್ಡು ಕಮ್ಮಿ ಆಗಿ ಪಂಪ್ ತಿನ್ನುತ್ತೆ, ಅದನ್ನೂ ಖಾಲಿ ಮಾಡ್ಸೋದೇ.

ಕಾಮೆಂಟ್ (ಟೆಂಪೋ ಟ್ರಾವೆಲರ್ ಓಡಿಸೋರು): ಅಣ್ಣ ಉಲ್ಟಾ ಆದ್ರೆ? ಡಿಇಎಫ್ ಟ್ಯಾಂಕಿಗೆ ಡೀಸೆಲ್?

ಉತ್ತರ: ಅದೂ ದುಬಾರಿನೇ. ಡಿಇಎಫ್ ತಳ್ಳೋ ಡೋಸಿಂಗ್ ಪಂಪಿನ ರಬ್ಬರ್ ಸೀಲು ಡೀಸೆಲ್ ಕುಡಿದು ಊದ್ಕೊಳ್ಳುತ್ತೆ, ಆಮೇಲೆ ಸೈಲೆನ್ಸರ್ ಒಳಗೆ ಹೊಗೆ ಶುದ್ಧ ಮಾಡೋ ಕ್ಯಾಟಲಿಸ್ಟಿಗೂ ಏಟು. ಸ್ವಲ್ಪನೇ ಬಿದ್ದಿದೆ ಅಂತ ಬಿಡ್ಬೇಡಿ. ಡೀಸೆಲ್ ಹಾಕಿದ ಫನಲ್ಲಲ್ಲೇ ಡಿಇಎಫ್ ಹಾಕೋರನ್ನ ದಿನಾ ನೋಡ್ತೀನಿ, ಡಿಇಎಫ್ ಟ್ಯಾಂಕಿನ ನೀಲಿ ಕ್ಯಾಪಿಗೆ ಫನಲ್ ಬೇರೆನೇ ಇಡಿ ಮಾರಾಯ್ರೇ.

ಕಾಮೆಂಟ್: ಸೊಸೈಟಿ ಯೂರಿಯಾ ಮೂಟೆ ತಂದು ನೀರಲ್ಲಿ ಕಲ್ಸಿದ್ರೆ ಅದೂ ಡಿಇಎಫೇ ಅಲ್ವಾ? ಹೆದ್ದಾರೀಲಿ ಸುಮಾರ್ ಜನ ಮಾಡ್ತಾರೆ.

ಉತ್ತರ: ಮಾಡ್ತಾರೆ, ಆಮೇಲೆ ನಮ್ ಹತ್ರನೇ ಬರ್ತಾರೆ! 2015ರಿಂದ ರೈತರ ಯೂರಿಯಾಗೆಲ್ಲ ಬೇವಿನೆಣ್ಣೆ ಲೇಪ ಇರುತ್ತೆ. ಬೋರ್‌ವೆಲ್ ನೀರಲ್ಲಿ ಸುಣ್ಣ, ಉಪ್ಪು. ಇದೆಲ್ಲ ಬಿಸಿ ಹೊಗೆಗೆ ಸಿಂಪಡಿಸಿದಾಗ ನಾಝಲ್ ತುದೀಲಿ, ಕ್ಯಾಟಲಿಸ್ಟ್ ತೂತುಗಳಲ್ಲಿ ಕಟ್ಕೊಳ್ಳುತ್ತೆ, ಹೊಗೇಲಿರೋ ವಿಷಾನಿಲ ಅಳೆಯೋ ನಾಕ್ಸ್ ಸೆನ್ಸರ್ ಎರರ್ ಕೊಟ್ಟು ಗಾಡಿ ಪಿಕಪ್ಪೇ ಕಟ್ ಆಗುತ್ತೆ, ಘಾಟ್ ಹತ್ತೋವಾಗ ಆದ್ರೆ ಗೊತ್ತಾಗುತ್ತೆ ಕಷ್ಟ. ಅದೂ ಅಲ್ದೆ ಸಬ್ಸಿಡಿ ಗೊಬ್ಬರ ಬೇರೆ ಕೆಲಸಕ್ಕೆ ಬಳಸೋದು ಕಾನೂನು ಪ್ರಕಾರ ಅಪರಾಧ.

ಲಾರಿ ಓನರ್: ಅಣ್ಣ, ಈಗ ಡ್ರೈವರ್ ಹೇಳ್ತಿದಾನೆ, ಡೀಸೆಲ್ ಮುಳ್ಳು ನೋಡೋಕೆ ಕೀ ಒಂದ್ಸಲ ಆನ್ ಮಾಡಿದ್ನಂತೆ, ಸೆಲ್ಫ್ ಹೊಡೆದಿಲ್ಲ. ಟೋ ಮಾಡ್ಸ್ಬೇಕಾ?

ಉತ್ತರ: ಕಾರಾಗಿದ್ರೆ ಭಯ ಇತ್ತು, ಟ್ಯಾಂಕ್ ಒಳಗಿನ ಮೋಟ್ರು ಕೀ ಆನ್ ಆದ ತಕ್ಷಣ ತಳ್ಳುತ್ತೆ. ಲಾರೀಲಿ ಸಾಮಾನ್ಯವಾಗಿ ಫೀಡ್ ಪಂಪು ಇಂಜಿನ್ ತಿರುಗಿದ್ರೇನೆ ಕೆಲಸ ಮಾಡೋದು. ಆದ್ರೂ ಫಿಲ್ಟರ್ ಕೆಳಗಿನ ಡ್ರೈನ್ ಬಿಚ್ಚಿ ಗಾಜಿನ ಬಾಟ್ಲಿಗೆ ಹಿಡಿದು ಸ್ವಲ್ಪ ಹೊತ್ತು ಬಿಡಿ, ತಳದಲ್ಲಿ ಬೇರೆ ಪದರ ನಿಂತ್ರೆ ಅಲ್ಲಿವರೆಗೂ ಬಂದಿದೆ ಅಂತ, ಆಗ ಲೈನೂ ಬಿಚ್ಚಿ ಕ್ಲೀನ್ ಮಾಡ್ಸ್ಬೇಕು. ಟೋ ಬೇಡ, ಲೋಡ್ ಇಳಿಸೋದೂ ಬೇಡ. ಟ್ಯಾಂಕು ಚಾಸಿ ಪಕ್ಕದಲ್ಲೇ ಪಟ್ಟಿ ಬಿಗಿದು ಕೂರಿಸಿರ್ತಾರೆ, ಸಿರಾದಿಂದ ಮೆಕ್ಯಾನಿಕ್ ಕರೆಸಿ ಅಲ್ಲೇ ಇಳಿಸಿ. ಮೊದ್ಲು ನೀರಲ್ಲೇ ತೊಳಿಬೇಕು, ಯೂರಿಯಾ ಡೀಸೆಲಲ್ಲಿ ಕರಗಲ್ಲ, ಆಮೇಲೆ ಹನಿ ಇಲ್ಲದಂಗೆ ಒಣಗಿಸಿ ಒಂದೆರಡು ಲೀಟರ್ ಡೀಸೆಲಲ್ಲಿ ಕುಲುಕಿ ಚೆಲ್ಲಿ. ಫಿಲ್ಟರ್ ಎರಡೂ ಹೊಸದು. ತೆಗೆದ ಡೀಸೆಲ್ ಮೇಲ್ಗಡೆ ಚೆನ್ನಾಗಿದೆ ಅನ್ಸುತ್ತೆ, ಆಸೆಗೆ ಬಿದ್ದು ವಾಪಸ್ ಹಾಕ್ಸ್ಬೇಡಿ. ಡೀಸೆಲ್ ಲೈನಲ್ಲಿರೋ ಏರ್ ತೆಗೆದು ಸ್ಟಾರ್ಟ್ ಮಾಡಿದ್ಮೇಲೆ ಮೀಟರಲ್ಲಿ ಡೀಸೆಲಲ್ಲಿ ನೀರಿದೆ ಅನ್ನೋ ಲೈಟ್ ಬಂದ್ರೆ ಆಫ್ ಮಾಡಿ ಇಲ್ಲೇ ಫೋಟೋ ಹಾಕಿ.