ಸಹಾಯ ಬೇಕು: ‘ಬುಡೋಲ್’ ಪದಕ್ಕೆ ಕನ್ನಡದಲ್ಲಿ ಏನು ಹಾಕಲಿ?

ಮನಿಲಾದಲ್ಲಿರುವ ಗೆಳತಿಯೊಬ್ಬಳು ಮಾಡಿದ ಕಿರುಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಆನ್‌ಲೈನ್ ಪ್ರೇಮದ ಹೆಸರಿನಲ್ಲಿ ನಡೆಯುವ ವಂಚನೆಯ ಕಥೆ. ನಗಿಸುತ್ತಲೇ ಎದೆ ನಡುಗಿಸುತ್ತದೆ. ಎಲ್ಲ ಮುಗಿಯಿತು, ‘ಬುಡೋಲ್’ ಎಂಬ ಒಂದು ಟಗಾಲೊಗ್ (ಫಿಲಿಪೀನ್ಸ್‌ನ ಭಾಷೆ) ಪದ ಮಾತ್ರ ಮೂರು ದಿನದಿಂದ ಗಂಟಲ ಮುಳ್ಳಾಗಿದೆ.

ಮೂಲದಲ್ಲಿ ‘ಬುಡೋಲ್-ಬುಡೋಲ್’ ಎಂದರೆ ಬೀದಿಯಲ್ಲಿ ಮಾತಿನ ಮೋಡಿ ಹಾಕಿ ಹಣ, ಒಡವೆ ಲಪಟಾಯಿಸುವವರ ವಿದ್ಯೆ. ಈಗ ಅಲ್ಲಿಯವರು ಬೇಡದ ವಸ್ತುವನ್ನು ಆಸೆಗೆ ಬಿದ್ದು ಕೊಂಡಾಗಲೂ ನಗುತ್ತ ‘ನಬುಡೋಲ್ ಆಕೊ’ (ನಾನು ಬುಡೋಲ್‌ಗೆ ಬಿದ್ದೆ) ಎನ್ನುತ್ತಾರೆ. ನಾಯಕಿ ಮೊದಲ ದೃಶ್ಯದಲ್ಲಿ ಚಪ್ಪಲಿ ಕೊಂಡು ಹೀಗೆನ್ನುತ್ತಾಳೆ. ಕೊನೆಯಲ್ಲಿ, ತಾನು ಪ್ರೀತಿಸಿದವನು ಇಲ್ಲವೇ ಇಲ್ಲ ಎಂದು ತಿಳಿದಾಗಲೂ ಅದೇ ಮಾತು. ಇಡೀ ಚಿತ್ರ ನಿಂತಿರುವುದೇ ಆ ಮಾತಿನ ಮೇಲೆ.

‘ಮೋಸ ಹೋದೆ’ ಎಂದು ಹಾಕಿದೆ. ಚಪ್ಪಲಿಗೆ ಅದು ತೀರಾ ಭಾರ. ‘ಟೋಪಿ ಬಿತ್ತು’ ಎಂದರೆ ಕೊನೆಯ ದೃಶ್ಯ ಹಗುರ. ‘ಯಾಮಾರಿದೆ’ ಎನ್ನೋಣವೆಂದರೆ ಅದರಲ್ಲಿ ಮೋಡಿಯೇ ಇಲ್ಲ. ‘ಮಂಕುಬೂದಿ ಎರಚಿದರು’ ಎಂಬುದು ಅರ್ಥಕ್ಕೆ ಬಲು ಹತ್ತಿರ (ನಮ್ಮ ಹಿರಿಯರೂ ಅಂಥ ಕಳ್ಳರನ್ನೇ ಕಂಡಿದ್ದಿರಬೇಕು!), ಆದರೆ ಎರಡು ಸೆಕೆಂಡಿನ ಸಾಲಿಗೆ ಉದ್ದವಾಯಿತು. ಮೇಲಾಗಿ ಅದರಲ್ಲಿ ತಪ್ಪು ಎರಚಿದವರದು. ಅವಳ ಮಾತಿನಲ್ಲಿರುವುದು ‘ನಾನು’.

ಎರಡೂ ದೃಶ್ಯಗಳಿಗೆ ಒಪ್ಪುವ, ‘ನಾನು’ ಎಂದೇ ಹೇಳುವ, ಎರಡು ಪದ ಮೀರದ ಮಾತೊಂದು ನಿಮ್ಮ ಊರಿನ ಕಡೆ ಇದೆಯೇ?